ಸತ್ತವನು ಎಷ್ಟು ದಿನ ಸತ್ತಿರಬೇಕು?: ‘ಟಿಂಟೆನ್‌ವೆಲ್ಟ್’ ಕಾದಂಬರಿಗಳ ಉತ್ತರಭಾಗಗಳೂ ಅವುಗಳ ಓದುಗರೂ

2005ರ ಶರತ್ಕಾಲದಲ್ಲಿ ನನ್ನ ಮಗಳಿಗೆ ಹದಿನೈದು ವರ್ಷ. ಕೊರ್ನೆಲಿಯಾ ಫುಂಕೆಯವರ ‘ಟಿಂಟೆನ್‌ಬ್ಲೂಟ್’ ಅಂಗಡಿಗೆ ಬಂದ ವಾರವೇ ಅದನ್ನು ಕೊಂಡು ತಂದಳು. ಏಳುನೂರು ಪುಟ ಮೀರಿದ ಪುಸ್ತಕವನ್ನು ನಾಲ್ಕು ದಿನದಲ್ಲಿ ಓದಿ ಮುಗಿಸಿ, ಐದನೆಯ ದಿನ ಊಟಕ್ಕೆ ಬರಲಿಲ್ಲ. ಕಾರಣ ಕೇಳಿದರೆ ‘ಷ್ಟೌಬ್‌ಫಿಂಗರ್ ಸತ್ತುಹೋದ’ ಎಂದಳು. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ನಾನು, ಅವಳ ಶಾಲೆಯ ಯಾರೋ ಇರಬೇಕೆಂದು ಗಾಬರಿಯಾಗಿ, ಹೇಗೆ ಸತ್ತ, ಯಾವ ಆಸ್ಪತ್ರೆ ಎಂದೆಲ್ಲ ವಿಚಾರಿಸಿದೆ. ಆ ನಗೆಪಾಟಲು ನಮ್ಮ ಮನೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಎರಡು ವರ್ಷದ ಮೇಲೆ ಮೂರನೆಯ ಸಂಪುಟ ಬಂತು. ಅದರಲ್ಲಿ ಷ್ಟೌಬ್‌ಫಿಂಗರ್ ಸಾವಿನಿಂದ ಹಿಂದಿರುಗಿ ಬರುತ್ತಾನೆ. ಮಗಳು ಖುಷಿಪಡುತ್ತಾಳೆಂದು ನಾನು ಎಣಿಸಿದ್ದೆ. ಅವಳು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, ‘ಹಾಗಾದರೆ ನಾನು ಎರಡು ವರ್ಷ ಅತ್ತದ್ದು ಯಾಕೆ?’ ಎಂದಳು.

ಈಗ ಅವಳ ಮಗಳಿಗೆ ಹನ್ನೊಂದು. ಕಳೆದ ಚಳಿಗಾಲದ ರಜೆಯಲ್ಲಿ ಅಮ್ಮನ ಅದೇ ಹಳೆಯ ಪ್ರತಿಗಳನ್ನು ನಮ್ಮ ಮನೆಯಲ್ಲಿ ಕೂತು ಒಂದಾದ ಮೇಲೊಂದರಂತೆ ಓದಿದಳು. ಶುಕ್ರವಾರ ರಾತ್ರಿ ಷ್ಟೌಬ್‌ಫಿಂಗರ್ ಸತ್ತ. ಮುಂದಿನ ಸಂಪುಟ ಹಾಸಿಗೆಯ ಪಕ್ಕದಲ್ಲೇ ಇತ್ತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅವನು ಬದುಕಿ ಬಂದ. ‘ಬಂದ, ಅಜ್ಜ. ಗೊತ್ತಿತ್ತು ನಂಗೆ’ ಎಂದು ಹೇಳಿ ಮೊಸರನ್ನ ಉಂಡಳು.

ಒಂದೇ ಪ್ರತಿ, ಒಂದೇ ಸಾವು, ತಾಯಿ ಮತ್ತು ಮಗಳು. ತೀರ್ಪು ಮಾತ್ರ ತದ್ವಿರುದ್ಧ. ಈ ಲೇಖನ ಹುಟ್ಟಿದ್ದು ಇಲ್ಲಿಂದ. ಆಮೇಲೆ ನಮ್ಮ ಸಂಘದ ಕುಟುಂಬಗಳಲ್ಲಿ, ನಮ್ಮೂರ ಗ್ರಂಥಾಲಯದ ಓದುಗರ ಕೂಟದಲ್ಲಿ, ಈ ಪುಸ್ತಕಗಳನ್ನು ಓದಿದವರು ಸಿಕ್ಕಿದಾಗಲೆಲ್ಲ ಕೇಳುತ್ತ ಬಂದೆ. ಇದು ಸಮೀಕ್ಷೆಯಲ್ಲ, ಅಂಕಿ ಅಂಶಗಳಿಲ್ಲ. ಸಾಹಿತ್ಯ ವಿಮರ್ಶೆಯ ತರಬೇತಿಯೂ ನನಗಿಲ್ಲ. ಹೊರರೋಗಿ ವಿಭಾಗದಲ್ಲಿ ಕೂತು ಎದುರಿನವರ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುವ ಅಭ್ಯಾಸವೊಂದು ಉಳಿದಿದೆ.

ಪುಸ್ತಕ ಓದದವರಿಗಾಗಿ ಕಥೆಯನ್ನು ಸ್ವಲ್ಪ ಹೇಳಬೇಕು. ಫುಂಕೆಯವರು 1958ರಲ್ಲಿ ಡೋರ್ಸ್ಟೆನ್‌ನಲ್ಲಿ ಹುಟ್ಟಿದವರು. ನಾನು ಬಹುಕಾಲ ಕೆಲಸ ಮಾಡಿದ ಊರಿಂದ ಅಲ್ಲಿಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಲೇಖಕಿಯಾಗುವ ಮೊದಲು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದರು. ಇದು ಮುಂದೆ ಬೇಕಾಗುತ್ತದೆ. ‘ಟಿಂಟೆ’ ಎಂದರೆ ಮಸಿ. ‘ಟಿಂಟೆನ್‌ಹೆರ್ಟ್ಸ್’ (ಮಸಿಯ ಹೃದಯ) 2003ರಲ್ಲಿ, ‘ಟಿಂಟೆನ್‌ಬ್ಲೂಟ್’ (ಮಸಿಯ ರಕ್ತ) 2005ರಲ್ಲಿ, ‘ಟಿಂಟೆನ್‌ಟೋಡ್’ (ಮಸಿಯ ಸಾವು) 2007ರಲ್ಲಿ ಬಂದವು. ಮೋ ಎಂಬವನು ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವವನು. ಅವನ ಮಗಳು ಮೆಗ್ಗಿ ಅವನನ್ನು ಪುಸ್ತಕಗಳ ಡಾಕ್ಟರ್ ಎಂದು ಕರೆಯುತ್ತಾಳೆ. ಅವನು ಗಟ್ಟಿಯಾಗಿ ಓದಿದರೆ ಪುಸ್ತಕದೊಳಗಿನವರು ಹೊರಗೆ ಬಂದುಬಿಡುತ್ತಾರೆ, ಬದಲಿಗೆ ಹೊರಗಿನವರು ಯಾರೋ ಒಳಗೆ ಹೋಗುತ್ತಾರೆ. ಹಾಗೆ ಒಮ್ಮೆ ಓದಿದಾಗ ಖಳನಾಯಕರೊಂದಿಗೆ ಹೊರಬಿದ್ದವನು ಬೆಂಕಿಯೊಡನೆ ಆಟವಾಡುವ ಷ್ಟೌಬ್‌ಫಿಂಗರ್; ಹೆಸರಿನ ಅರ್ಥ ಧೂಳುಬೆರಳಿನವನು. ಒಳಗೆ ಹೋದವಳು ಮೋನ ಹೆಂಡತಿ. ಷ್ಟೌಬ್‌ಫಿಂಗರ್‌ಗೆ ಮನೆಗೆ ಹೋಗಬೇಕು, ಆದರೆ ಮನೆ ಇರುವುದು ಪುಸ್ತಕದಲ್ಲಿ, ಮುದುಕ ಫೆನೋಗ್ಲಿಯೊ ಬರೆದ ಆ ಪುಸ್ತಕದ ಕೊನೆಯಲ್ಲಿ ತಾನು ಸಾಯುತ್ತೇನೆಂದು ಅವನಿಗೆ ತಿಳಿಯುತ್ತದೆ.

ಪರದೇಶದಲ್ಲಿ ನೆಲೆಸಿದ ಯಾರಿಗಾದರೂ ಷ್ಟೌಬ್‌ಫಿಂಗರ್ ಏಕೆ ಹತ್ತಿರದವನಾಗುತ್ತಾನೆಂದು ವಿವರಿಸಬೇಕಾಗಿಲ್ಲ. ನಮ್ಮ ಸಂಘದ ಹಿರಿಯರೊಬ್ಬರು ಮೊದಲ ಸಂಪುಟವನ್ನಷ್ಟೇ ಓದಿ, ಮುಂದಿನದನ್ನು ಬೇಕೆಂದೇ ಮುಟ್ಟಿಲ್ಲ. ‘ಅವನು ಊರಿಗೆ ಹೋಗದೆ ಇಲ್ಲೇ ಉಳಿದದ್ದೇ ಸರಿ, ಹೋದ ಮೇಲೆ ಏನಾಗುತ್ತದೆಂದು ನಮಗೆ ಗೊತ್ತಲ್ಲ’ ಎಂದರು. ಉತ್ತರಭಾಗದ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ, ಪುಸ್ತಕ ಓದದೆ ಹೇಳಿದ ಇದೇ ಅತ್ಯಂತ ಪ್ರಾಮಾಣಿಕವಾದದ್ದು.

ಓದಿದವರ ಅಭಿಪ್ರಾಯಗಳಲ್ಲಿ ಕೆಲವು ಎಲ್ಲರದೂ ಒಂದೇ. ಎರಡನೆಯ ಸಂಪುಟದಲ್ಲಿ ಕಥೆ ನಮ್ಮ ಲೋಕ ಬಿಟ್ಟು ಮಸಿಯ ಲೋಕಕ್ಕೆ ಹೋಗುತ್ತದೆ. ಪಾತ್ರಗಳು ಹೆಚ್ಚುತ್ತವೆ, ಹೆಸರು ನೆನಪಿಡಲು ಕಷ್ಟ. ಮೊದಲ ಸಂಪುಟದ ಸೊಗಸು ಎಂದರೆ ಪುಸ್ತಕಗಳಿಂದ ತುಂಬಿದ ಮನೆ, ಅದರೊಳಗೆ ನುಗ್ಗುವ ಅಪಾಯ; ಎರಡನೆಯದರಲ್ಲಿ ಆ ಮನೆಯೇ ಹಿಂದೆ ಉಳಿಯುತ್ತದೆ. ಮೂರನೆಯದರಲ್ಲಿ ಪುಸ್ತಕ ಕಟ್ಟುವ ಸಾಧು ಮೋ ಕತ್ತಿ ಹಿಡಿದ ದರೋಡೆಕಾರನಾಗುತ್ತಾನೆ. ಮೆಗ್ಗಿ ಮೂಲೆ ಸೇರಿ, ಇಬ್ಬರು ಹುಡುಗರ ನಡುವೆ ಯಾರು ಎಂದು ಯೋಚಿಸುವಷ್ಟಕ್ಕೆ ಇಳಿಯುತ್ತಾಳೆ. ಈ ಕೊನೆಯ ದೂರನ್ನು ನಾನೂ ಒಪ್ಪುತ್ತೇನೆ. ಮೊದಲ ಸಂಪುಟ ಓದಿದ ಹುಡುಗಿಯರು ಮೆಗ್ಗಿಯ ಜೊತೆ ಬೆಳೆದವರು. ನಾಲ್ಕು ವರ್ಷ ಕಾದು ಅವರಿಗೆ ಸಿಕ್ಕಿದ್ದು ಅವಳ ಅಪ್ಪನ ಸಾಹಸಕಥೆ. ‘ಟಿಂಟೆನ್‌ಟೋಡ್’ ಉದ್ದವೂ ಹೌದು. ನೂರು ಪುಟ ಕಡಿಮೆಯಾಗಿದ್ದರೆ ಯಾರೂ ಅಳುತ್ತಿರಲಿಲ್ಲ. ಇಷ್ಟು ಹೇಳಿ ಆ ವಿಷಯ ಬಿಡುತ್ತೇನೆ, ಏಕೆಂದರೆ ಗಂಭೀರವಾದ ದೂರು ನನ್ನ ಮಗಳದು.

ಅವಳ ದೂರು ಇಷ್ಟು: ಸಾವನ್ನು ತೋರಿಸಿ ಆಮೇಲೆ ಹಿಂತೆಗೆದುಕೊಂಡರೆ ಅದು ಮೋಸ. ಗ್ರಂಥಾಲಯದ ಕೂಟದಲ್ಲೂ ಬಹಳ ಮಂದಿ, ಅದರಲ್ಲೂ ಆಗ ಬಾಲ್ಯದಲ್ಲಿದ್ದು ಈಗ ಮೂವತ್ತು ದಾಟಿದವರು, ಹೀಗೆಯೇ ಹೇಳಿದರು. ಎರಡನೆಯ ಸಂಪುಟದ ಕೊನೆಯಲ್ಲಿ ಬಾಸ್ಟಾ ಎಂಬ ಕ್ರೂರಿಯ ಚಾಕುವಿಗೆ ಫರೀದ್ ಎಂಬ ಹುಡುಗ ಬಲಿಯಾಗುತ್ತಾನೆ. ಷ್ಟೌಬ್‌ಫಿಂಗರ್ ಮೃತ್ಯುವಿನ ದೂತಿಯರನ್ನು ಕರೆದು, ಆ ಹುಡುಗನನ್ನು ಬಿಟ್ಟು ತನ್ನನ್ನು ಒಯ್ಯಿರಿ ಎನ್ನುತ್ತಾನೆ. ಇಲ್ಲಿ ಗಮನಿಸಬೇಕಾದ್ದು, ಫೆನೋಗ್ಲಿಯೊ ಬರೆದಿದ್ದ ಸಾವು ಇದಲ್ಲ. ಬರೆದಿಟ್ಟ ಸಾವಿಗೆ ಹೆದರಿಕೊಂಡೇ ಬದುಕಿದವನು ಕೊನೆಗೆ ಯಾರೂ ಬರೆಯದ ಸಾವೊಂದನ್ನು ತಾನೇ ಆರಿಸಿಕೊಂಡ. ಎರಡನೆಯ ಸಂಪುಟದ ಸಾರ್ಥಕತೆಯೇ ಇದರಲ್ಲಿದೆ. ಅದನ್ನು ಮೂರನೆಯದು ಅಳಿಸಿಬಿಡುತ್ತದೆ ಎಂಬುದು ಆಪಾದನೆ. ಹಲವು ವರ್ಷ ನಾನೂ ಇದನ್ನೇ ನಂಬಿದ್ದೆ. ವೈದ್ಯನಿಗೆ ಇದು ಇನ್ನೂ ಚುಚ್ಚುತ್ತದೆ. ನಾವು ಸಹಿ ಹಾಕಿದ ಮರಣಪತ್ರಗಳಲ್ಲಿ ಒಂದೂ ವಾಪಸು ಬಂದಿಲ್ಲ.

ಆದರೆ ಇಷ್ಟು ಖಂಡಿತವಾಗಿ ಮಾತಾಡುವ ನಾನು, ಸತ್ತವರು ಎದ್ದು ಬರುವ ಕಾವ್ಯವನ್ನೇ ಕೇಳಿ ಬೆಳೆದವನು. ನನ್ನ ಊರು ಕೊಪ್ಪದ ಕಡೆ. ಲಕ್ಷ್ಮೀಶನ ದೇವನೂರು ಇರುವುದು ಅದೇ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ, ಕಡೂರು ಸೀಮೆಯಲ್ಲಿ. ಮಳೆಗಾಲದ ಸಂಜೆಗಳಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಜೈಮಿನಿ ಭಾರತದ ವಾಚನ ನಡೆಯುತ್ತಿತ್ತು. ಮಹಾಭಾರತದ ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕಥೆ ಅದು. ನಮ್ಮ ಭಾಷೆಯ ಅತ್ಯಂತ ಜನಪ್ರಿಯ ‘ಉತ್ತರಭಾಗ’ ಎಂದರೆ ತಪ್ಪಿಲ್ಲ. ಅದರಲ್ಲಿ ಬಭ್ರುವಾಹನ ತನ್ನ ತಂದೆಯೆಂದು ತಿಳಿದೂ ಅರ್ಜುನನ ಮೇಲೆ ಯುದ್ಧಕ್ಕೆ ನಿಲ್ಲಬೇಕಾಗುತ್ತದೆ, ಅವನ ಬಾಣಕ್ಕೆ ಅರ್ಜುನನ ತಲೆ ಉರುಳುತ್ತದೆ. ಆಮೇಲೆ ನಾಗಲೋಕದಿಂದ ಸಂಜೀವಕ ಮಣಿ ಬರಬೇಕು, ಕೃಷ್ಣ ಬರಬೇಕು, ಅರ್ಜುನ ಏಳಬೇಕು.

ನನಗೆ ಚೆನ್ನಾಗಿ ನೆನಪಿರುವುದು ಕಥೆಗಿಂತ ಅದನ್ನು ಓದುತ್ತಿದ್ದ ಕ್ರಮ. ಅರ್ಜುನನ ತಲೆ ಬಿದ್ದ ಕಡೆ ಆ ದಿನದ ವಾಚನ ನಿಲ್ಲಿಸುವಂತಿರಲಿಲ್ಲ. ಎಷ್ಟೇ ರಾತ್ರಿಯಾಗಲಿ, ಲಾಟೀನಿಗೆ ಮತ್ತೆ ಎಣ್ಣೆ ಹಾಕಿ, ಅವನು ಎದ್ದು ಕೂರುವವರೆಗೆ ಓದಿಯೇ ಪುಸ್ತಕಕ್ಕೆ ನಮಸ್ಕಾರ ಮಾಡಿ ಮುಚ್ಚಬೇಕು. ಅಮಂಗಳದ ಜಾಗದಲ್ಲಿ ಪಾರಾಯಣ ನಿಲ್ಲಿಸಬಾರದೆಂಬ ನಿಯಮ ಅದು. ಮಕ್ಕಳಾದ ನಾವು ನಿದ್ದೆಗೆ ತೂಗುತ್ತಿದ್ದರೆ ಅಜ್ಜಿ ತಿವಿದು ಎಬ್ಬಿಸುತ್ತಿದ್ದರು: ‘ಮಲಗಬೇಡ, ಅವನಿನ್ನೂ ಎದ್ದಿಲ್ಲ.’ ಅರ್ಜುನ ನಮ್ಮ ಪಾಲಿಗೆ ಸತ್ತಿರುತ್ತಿದ್ದದ್ದು ಹೆಚ್ಚೆಂದರೆ ಒಂದೂವರೆ ಗಂಟೆ. ಅವನು ಎದ್ದಾಗ ಮೋಸ ಎಂದು ಯಾರೂ ಕೂಗಲಿಲ್ಲ. ಕೂಗಲು ಬೇಕಾದಷ್ಟು ಶೋಕ ನಮ್ಮಲ್ಲಿ ಸೇರಿಯೇ ಇರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಇದ್ದ ಎಚ್ಚರಿಕೆಯಲ್ಲ. ಜರ್ಮನ್ ಭಾಷೆಯ ‘ನೀಬೆಲುಂಗೆನ್‌ಲೀಡ್’ ಸುಮಾರು 1200ರ ಕಾಲದ ಮಹಾಕಾವ್ಯ. ಅದು ಎಟ್ಸೆಲ್ ರಾಜನ ಅರಮನೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತು ಬಿದ್ದಲ್ಲಿಗೆ ಮುಗಿಯುತ್ತದೆ. ಆದರೆ ಅದರ ಮುಖ್ಯ ಹಸ್ತಪ್ರತಿಗಳಲ್ಲಿ ಅದರ ಬೆನ್ನಿಗೇ ‘ಕ್ಲಾಗೆ’, ಅಂದರೆ ‘ಪ್ರಲಾಪ’, ಎಂಬ ಇನ್ನೊಂದು ಕಾವ್ಯ ಇರುತ್ತದೆ. ಛಂದಸ್ಸು ಬೇರೆ, ಸ್ವಭಾವ ಬೇರೆ. ಉಳಿದವರು ಹೆಣಗಳನ್ನು ಹುಡುಕುತ್ತಾರೆ, ಅಳುತ್ತಾರೆ, ಹೂಳುತ್ತಾರೆ, ಊರೂರಿಗೆ ಹೋಗಿ ಸುದ್ದಿ ಮುಟ್ಟಿಸುತ್ತಾರೆ. ಯುದ್ಧದ ಅಬ್ಬರ ಬಯಸುವವನಿಗೆ ನೀರಸ. ಹತ್ತೊಂಬತ್ತನೆಯ ಶತಮಾನದಿಂದ ಪಂಡಿತರು ಅದನ್ನು ಮೂಲಕ್ಕಿಂತ ಬಹಳ ಕೆಳಗಿನದೆಂದು ಬದಿಗಿಟ್ಟರು. ಇಂದು ಸಾಮಾನ್ಯ ಓದುಗರಿಗಾಗಿ ಅಚ್ಚಾಗುವ ಪ್ರತಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಎಂಟುನೂರು ವರ್ಷದ ಹಿಂದೆ ಅದನ್ನು ನಕಲು ಮಾಡಿದವರು ಓದುಗನನ್ನು ಹೆಣಗಳ ನಡುವೆ ಬಿಟ್ಟು ಹೋಗಲು ಒಪ್ಪಲಿಲ್ಲ. ನಮ್ಮ ಅಜ್ಜಿಯ ಲಾಟೀನಿನ ಎಣ್ಣೆಯೂ ಅವರ ದುಬಾರಿ ಚರ್ಮದ ಹಾಳೆಗಳೂ ಖರ್ಚಾದದ್ದು ಒಂದೇ ಕಾರಣಕ್ಕೆ.

ಇಂದಿನ ಪ್ರಕಾಶನ ವ್ಯವಸ್ಥೆ ಮಾಡುವುದು ಇದರ ತಲೆಕೆಳಗು. ಅಮಂಗಳದ ಜಾಗದಲ್ಲೇ ನಿಲ್ಲಿಸಿ, ಮುಂದಿನದು ಎರಡು ವರ್ಷದ ಮೇಲೆ ಎನ್ನುತ್ತದೆ. ಹದಿನೈದರ ಹುಡುಗಿಗೆ ಎರಡು ವರ್ಷ ದೀರ್ಘಕಾಲ. ಆ ಅವಧಿಯಲ್ಲಿ ಮಗಳು ದುಃಖಿಸುವ ಎಲ್ಲ ಹಂತಗಳನ್ನೂ ದಾಟಿದ್ದಳು: ಮೊದಲು ಲೇಖಕಿಯ ಮೇಲೆ ಸಿಟ್ಟು, ಆಮೇಲೆ ಅವನು ಸತ್ತಿರಲಾರನೆಂಬ ವಾದಗಳು, ಕೊನೆಗೆ ಒಂದು ದಿನ ನನ್ನ ಕಾರಿನಲ್ಲಿ ಕೂತಾಗ ತಾನಾಗಿಯೇ ‘ಅವನು ಸತ್ತದ್ದೇ ಸರಿ ಅಪ್ಪ’ ಎಂದಳು. ಹಾಗೆ ಒಪ್ಪಿಕೊಂಡ ಮೇಲೆ ಅವನನ್ನು ಎಬ್ಬಿಸಿ ಕಳಿಸಿದರೆ ಸಿಟ್ಟು ಬರುವುದು ಸಹಜ. ಮೊಮ್ಮಗಳಿಗೆ ಒಪ್ಪಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಹೀಗಾಗಿ ಅವರಿಬ್ಬರೂ ‘ಟಿಂಟೆನ್‌ಟೋಡ್’ ಬಗ್ಗೆ ಹೇಳಿದ್ದು ಅರ್ಧ ಭಾಗ ಪುಸ್ತಕದ ವಿಚಾರ, ಇನ್ನರ್ಧ ಭಾಗ ಅದರ ಹಿಂದಿನ ಕಾಯುವಿಕೆಯ ವಿಚಾರ. ಓದುಗರ ಅಭಿಪ್ರಾಯವನ್ನು ಎಣಿಸುವವರು, ಓದುಗ ಆ ಸಂಪುಟಕ್ಕಾಗಿ ಎಷ್ಟು ದಿನ ಕಾದಿದ್ದ ಎಂದೂ ಕೇಳಬೇಕು. ಯಾವ ರೋಗಿಯನ್ನೂ ‘ಯಾವಾಗಿನಿಂದ?’ ಎಂದು ಕೇಳದೆ ನಾವು ಪರೀಕ್ಷೆ ಶುರುಮಾಡುವುದಿಲ್ಲ.

ಇನ್ನರ್ಧ ಭಾಗ ಪುಸ್ತಕದ್ದೇ ಎಂದೆ. ಮೊಮ್ಮಗಳ ಜೊತೆ ಮತ್ತೆ ಓದಿದಾಗ ನನ್ನ ಅಭಿಪ್ರಾಯ ಬದಲಾಯಿತು. ಮೊದಲ ಓದಿನಲ್ಲಿ ನನಗೆ ಕಾಣದೆ ಹೋದದ್ದು, ಸತ್ತವರನ್ನು ಉಳಿಸಿಕೊಳ್ಳುವ ಆಸೆಯನ್ನು ಈ ಪುಸ್ತಕಗಳು ಒಂದೇ ಕಡೆಯಿಂದ ನೋಡುವುದಿಲ್ಲ ಎಂಬುದು.

ಎರಡನೆಯ ಸಂಪುಟದಲ್ಲೇ ಕೋಸಿಮೊ ಎಂಬ ರಾಜಕುಮಾರ ಇದ್ದಾನೆ. ಅವನು ಸತ್ತಿದ್ದಾನೆ, ಅಪ್ಪ ಶೋಕದಲ್ಲಿ ಕರಗಿಹೋಗುತ್ತಿದ್ದಾನೆ. ಫೆನೋಗ್ಲಿಯೊ ಜಾಣತನ ಮಾಡಿ, ಸತ್ತವನನ್ನು ಎಬ್ಬಿಸುತ್ತಿಲ್ಲ, ಅವನ ಹಾಗೆಯೇ ಇರುವ ಇನ್ನೊಬ್ಬನನ್ನು ಬರೆಯುತ್ತೇನೆ ಎಂದು ಮಾತುಗಳನ್ನು ಹೆಣೆಯುತ್ತಾನೆ, ಮೆಗ್ಗಿ ಓದುತ್ತಾಳೆ. ಬಂದವನು ನೋಡಲು ಅದೇ ಚೆಲುವ. ಆದರೆ ಅವನಿಗೆ ಯಾವ ನೆನಪೂ ಇಲ್ಲ, ಹೆಂಡತಿ ವಿಯೊಲಾಂಟೆ ಅಪರಿಚಿತೆ. ತಾನು ಯಾರೆಂದು ಎಲ್ಲರ ಬಾಯಿಂದ ಕೇಳಿ ತಿಳಿದುಕೊಂಡ ಆ ಹುಡುಗ, ಅದಕ್ಕೆ ತಕ್ಕಂತೆ ವೀರನಾಗಲು ಹೊರಟು, ಊರಿನ ಗಂಡಸರನ್ನೆಲ್ಲ ಕಾಡಿನಲ್ಲಿ ಸಾವಿಗೆ ಒಯ್ಯುತ್ತಾನೆ. ಜನಪ್ರಿಯ ಪುಸ್ತಕವೊಂದರ ಯಶಸ್ಸಿನ ಮೇಲೆ ಅವಸರದಲ್ಲಿ ಬರೆದ ಉತ್ತರಭಾಗ ಹೇಗಿರುತ್ತದೆಂಬುದಕ್ಕೆ ಕೋಸಿಮೊಗಿಂತ ಒಳ್ಳೆಯ ವರ್ಣನೆ ನನಗೆ ಗೊತ್ತಿಲ್ಲ. ಮುಖ ಅದೇ, ನೆನಪು ಇಲ್ಲ. ಫುಂಕೆಯವರು ಇದನ್ನು ತಮ್ಮದೇ ಉತ್ತರಭಾಗದ ಒಳಗೆ ಬರೆದರು ಎಂಬುದು ಅವರ ಧೈರ್ಯ.

ಇನ್ನೊಬ್ಬ ನಾಟರ್ನ್‌ಕೊಪ್ಫ್, ಹಾವುತಲೆಯ ರಾಜ. ಸಾವಿಗೆ ಹೆದರಿದ ಇವನಿಗಾಗಿ ಮೋ ಒಂದು ಖಾಲಿ ಬಿಳಿ ಪುಸ್ತಕ ಕಟ್ಟಿಕೊಡುತ್ತಾನೆ. ಅದು ಇರುವವರೆಗೆ ರಾಜನಿಗೆ ಸಾವಿಲ್ಲ. ಆದರೆ ಕೈದಿಗಳ ಬಿಡುಗಡೆಗಾಗಿ ಈ ಕೆಲಸಕ್ಕೆ ಒಪ್ಪಿದ ಪುಸ್ತಕಗಳ ಡಾಕ್ಟರ್ ಹಾಳೆಗಳಿಗೆ ತೇವ ತಗಲುವಂತೆ ಮಾಡಿಟ್ಟಿದ್ದಾನೆ. ಮೂರನೆಯ ಸಂಪುಟದಲ್ಲಿ ಪುಸ್ತಕ ಕೊಳೆಯುತ್ತದೆ, ಅದರೊಡನೆ ರಾಜನ ದೇಹವೂ ಕೊಳೆಯುತ್ತದೆ. ಮೈ ಊದುತ್ತದೆ, ನಾರುತ್ತದೆ, ನೋವು ತಡೆಯಲಾರದೆ ಅರಚುತ್ತಾನೆ, ಸಾಯುವುದಿಲ್ಲ. ಕೂಟದಲ್ಲಿ ಹಲವರು ಈ ಭಾಗಗಳನ್ನು ಮಕ್ಕಳ ಪುಸ್ತಕಕ್ಕೆ ಅತಿಯಾಯಿತು ಎಂದರು. ನನಗೆ ಇಡೀ ಸರಣಿಯಲ್ಲಿ ಅತ್ಯಂತ ನಿಜವೆನಿಸಿದ ಪುಟಗಳು ಇವೇ. ಯಂತ್ರಗಳ ನಡುವೆ ವಾರಗಟ್ಟಲೆ ಹೀಗೆ ಇದ್ದವರನ್ನು ನಾನು ನೋಡಿದ್ದೇನೆ. ‘ಇನ್ನೂ ಸ್ವಲ್ಪ ದಿನ, ಡಾಕ್ಟರ್’ ಎಂದು ಬೇಡಿದ ಮಕ್ಕಳನ್ನು ನೋಡಿದ್ದೇನೆ. ಅವರು ಬೇಡಿದಂತೆ ಮಾಡಿದ್ದೂ ಇದೆ. ಅದು ತಪ್ಪೆಂದು ಆಗ ಅನಿಸಿರಲಿಲ್ಲ, ಈಗಲೂ ಪ್ರತಿ ಸಲವೂ ತಪ್ಪಾಗಿತ್ತೆಂದು ಹೇಳಲಾರೆ. ಕೆಲವು ಮುಖಗಳು ಮಾತ್ರ ನಾಟರ್ನ್‌ಕೊಪ್ಫ್ ಬಂದ ಪುಟಗಳಲ್ಲಿ ಎದುರಿಗೆ ಬಂದವು.

ಷ್ಟೌಬ್‌ಫಿಂಗರ್ ಹಿಂದಿರುಗುವುದು ಈ ಇಬ್ಬರ ಎದುರಿಗೆ. ಆದ್ದರಿಂದಲೇ ಅದನ್ನು ಸುಲಭದ ಕೃಪೆ ಎನ್ನಲಾಗದು. ಅವನಿಗಾಗಿ ಮೋ ಸಾವಿನ ಬಳಿಗೇ ಹೋಗುತ್ತಾನೆ. ಸಾವು ಈ ಪುಸ್ತಕದಲ್ಲಿ ಹೆಣ್ಣು. ಜರ್ಮನ್ ವ್ಯಾಕರಣದಲ್ಲಿ ಸಾವು ಪುಲ್ಲಿಂಗ, ಇಲ್ಲಿನ ಚಿತ್ರ ಶಿಲ್ಪಗಳಲ್ಲೂ ಕುಡುಗೋಲು ಹಿಡಿದ ಗಂಡಸು. ಹಾಗಾಗಿ ಜರ್ಮನ್ ಓದುಗರಿಗೆ ಇದು ಹೊಸದಾಗಿ ಕಂಡಿತು. ನಮಗೆ ಹಳೆಯ ಪರಿಚಯ. ಮಹಾಭಾರತದಲ್ಲಿ ಬ್ರಹ್ಮನಿಂದ ಹುಟ್ಟಿದ ಮೃತ್ಯು ಹೆಣ್ಣು. ಕೊಲ್ಲುವ ಕೆಲಸ ಬೇಡವೆಂದು ಅವಳು ಅಳುತ್ತಾಳೆ, ಆ ಕಣ್ಣೀರೇ ರೋಗಗಳಾಗುತ್ತವೆ. (ವೈದ್ಯಕೀಯ ಕಾಲೇಜಿನಲ್ಲಿ ರೋಗಕಾರಣಗಳ ಬಗ್ಗೆ ಐದು ವರ್ಷ ಓದಿದೆ; ಇಷ್ಟು ಚೆಂದದ ಕಾರಣವನ್ನು ಯಾರೂ ಕಲಿಸಲಿಲ್ಲ.) ಫುಂಕೆಯವರ ಮೃತ್ಯು ಅಳುವುದಿಲ್ಲ, ವ್ಯವಹಾರ ಮಾಡುತ್ತಾಳೆ. ತನ್ನನ್ನು ಕಟ್ಟಿಹಾಕಿದ ಆ ಬಿಳಿ ಪುಸ್ತಕವನ್ನು ನಾಶ ಮಾಡಿದರೆ ಸರಿ. ಇಲ್ಲವಾದರೆ ಮೋ, ಷ್ಟೌಬ್‌ಫಿಂಗರ್, ಅವರೊಂದಿಗೆ ಮೆಗ್ಗಿ ಕೂಡ ಅವಳ ಪಾಲು. ಅಂದರೆ ಒಬ್ಬ ಬದುಕಿ ಬರಬೇಕಾದರೆ ಸಾಯದೆ ಉಳಿದವನೊಬ್ಬ ಸಾಯಬೇಕು. ಹಿಂದಿರುಗಿದ ಷ್ಟೌಬ್‌ಫಿಂಗರ್ ಕೂಡ ಹೋದವನೇ ಅಲ್ಲ. ಮುಖದ ಮೇಲಿದ್ದ ಗಾಯದ ಗುರುತುಗಳು ಮಾಯವಾಗಿವೆ, ಭಯ ಹೋಗಿದೆ. ಮೊದಲ ಸಂಪುಟದಲ್ಲಿ ನಾವು ಪ್ರೀತಿಸಿದ್ದು ಹೆದರುಪುಕ್ಕಲ, ಗಾಯದ ಮುಖದ ಮನುಷ್ಯನನ್ನು. ಅವನು ಬರಲಿಲ್ಲ. ನನ್ನ ಮಗಳು ಎರಡು ವರ್ಷ ಅತ್ತದ್ದು ವ್ಯರ್ಥವಾಗಲಿಲ್ಲ ಎಂದು ಈಗ ಅವಳಿಗೆ ಹೇಳಿದ್ದೇನೆ. ಅವಳು ಪೂರ್ತಿ ಒಪ್ಪಿಲ್ಲ.

ಇನ್ನೊಂದು ವಿಷಯವನ್ನು ಹಿಂಜರಿಕೆಯಿಂದಲೇ ಸೇರಿಸುತ್ತೇನೆ. ‘ಟಿಂಟೆನ್‌ಟೋಡ್’ ಪ್ರಕಟವಾಗುವ ಹಿಂದಿನ ವರ್ಷ, 2006ರಲ್ಲಿ, ಫುಂಕೆಯವರ ಪತಿ ಕ್ಯಾನ್ಸರಿನಿಂದ ತೀರಿಕೊಂಡರು. ಪುಸ್ತಕದ ಅರ್ಪಣೆ ಅವರಿಗೇ. ಅವರನ್ನೂ ಷ್ಟೌಬ್‌ಫಿಂಗರನನ್ನೂ ಒಂದಾಗಿ ಕಾಣುವ ಮಾತು ಅಲ್ಲಿದೆ. ಕೂಟದಲ್ಲಿ ಈ ಸಂಗತಿ ತಿಳಿದ ಕೂಡಲೇ ಇಬ್ಬರು ತಮ್ಮ ಟೀಕೆಯನ್ನು ವಾಪಸು ಪಡೆದರು. ಅದು ಬೇಕಿರಲಿಲ್ಲ. ಲೇಖಕಿಯ ದುಃಖ ಪುಸ್ತಕದ ದೋಷಗಳನ್ನು ಮಾಫಿ ಮಾಡುವುದಿಲ್ಲ, ಉದ್ದವಾದ ಅಧ್ಯಾಯ ಉದ್ದವಾಗಿಯೇ ಉಳಿಯುತ್ತದೆ. ಆದರೆ ಆ ಮನೆಯಲ್ಲಿ ಸಾವು ಏನೆಂದು ಗೊತ್ತಿಲ್ಲದವರು ಇದನ್ನು ಬರೆದರು, ಮಾರಾಟಕ್ಕಾಗಿ ಅವನನ್ನು ಎಬ್ಬಿಸಿದರು ಎನ್ನುವವರ ಬಾಯಿಗೆ ಅದು ಉತ್ತರ. ತಾನು ಯಾರನ್ನು ಹಿಂದಕ್ಕೆ ಕರೆಯಲಾರೆನೋ ಅವನನ್ನು ಪುಟದ ಮೇಲೆ ಕರೆಯುವ ಬರಹಗಾರ್ತಿ, ಅದೇ ಪುಸ್ತಕದಲ್ಲಿ ಹಾಗೆ ಕರೆಯುವುದರ ಬೆಲೆಯನ್ನೂ ಲೆಕ್ಕ ಹಾಕಿದ್ದಾರೆ.

ಈ ಸರಣಿಯಲ್ಲಿ ಓದುಗನಿಗೂ ಒಂದು ಪಾತ್ರ ಸಿಕ್ಕಿದೆ: ಓರ್ಫೊಯ್ಸ್. ಬಾಲ್ಯದಲ್ಲಿ ಫೆನೋಗ್ಲಿಯೊನ ಪುಸ್ತಕವನ್ನು ಪ್ರಾಣದಂತೆ ಪ್ರೀತಿಸಿದವನು, ಷ್ಟೌಬ್‌ಫಿಂಗರನ ಪರಮಭಕ್ತ. ಆ ಲೋಕದೊಳಕ್ಕೆ ತಾನೂ ಹೋದ ಮೇಲೆ, ಮೂಲ ಲೇಖಕನ ಮಾತುಗಳನ್ನೇ ಹೆಕ್ಕಿ ಜೋಡಿಸಿ, ತನಗೆ ಬೇಕಾದಂತೆ ಅಲ್ಲೊಂದು ಪ್ರಾಣಿ ಇಲ್ಲೊಂದು ಬಣ್ಣ ಸೇರಿಸಿ ಲೋಕವನ್ನು ತಿದ್ದತೊಡಗುತ್ತಾನೆ. ತನ್ನ ಆರಾಧ್ಯದೈವ ತನ್ನನ್ನು ಪ್ರೀತಿಸಲಿಲ್ಲವೆಂದು ತಿಳಿದಾಗ ಅವನ ಭಕ್ತಿ ದ್ವೇಷವಾಗುತ್ತದೆ. ಕಾದಂಬರಿ ತಮ್ಮ ಇಷ್ಟದಂತೆ ಸಾಗಲಿಲ್ಲವೆಂದು ಲೇಖಕರ ಮೇಲೆ ಹಲ್ಲು ಕಡಿಯುವ ಅಭಿಮಾನಿಗಳನ್ನು ನಾವೆಲ್ಲ ಬಲ್ಲೆವು. ಕೂಟದಲ್ಲಿ ನಾನು ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಿವೃತ್ತ ಶಿಕ್ಷಕಿಯೊಬ್ಬರು, ‘ಹಾಗಾದರೆ ನಾವು ದೂರಲೇಬಾರದೆಂದು ಅವಳ ಉಪಾಯವೇ?’ ಎಂದರು. ಪ್ರಶ್ನೆ ನ್ಯಾಯವಾದದ್ದು. ಓದುಗನನ್ನು ಖಳನನ್ನಾಗಿ ಮಾಡಿದ ಪುಸ್ತಕ ತನ್ನ ಸುತ್ತ ಬೇಲಿ ಹಾಕಿಕೊಂಡಂತೆ ಆಗುತ್ತದೆ. ಆದರೆ ಅದೇ ಪುಸ್ತಕ ಲೇಖಕ ಫೆನೋಗ್ಲಿಯೊನನ್ನೂ ಜಂಬದ ಮುದುಕನನ್ನಾಗಿ, ತನ್ನ ಕಥೆ ತನ್ನ ಕೈಮೀರಿದ್ದನ್ನು ನೋಡಿ ಕುಡಿಯುತ್ತ ಕೂರುವವನನ್ನಾಗಿ ಮಾಡಿದೆ. ಬೇಲಿ ಎರಡೂ ಕಡೆಗಿದೆ.

ಓದುಗ ಬಯಸಿದ್ದನ್ನು ಹಾಗೆಯೇ ಕೊಟ್ಟರೆ ಏನಾಗುತ್ತದೆಂಬುದಕ್ಕೆ 2008ರ ಚಲನಚಿತ್ರ ಸಾಕ್ಷಿ. ಅದರ ಕೊನೆಯಲ್ಲಿ ಮೋ ಷ್ಟೌಬ್‌ಫಿಂಗರನನ್ನು ಸುಖವಾಗಿ ಅವನ ಊರಿಗೆ, ಹೆಂಡತಿಯ ಬಳಿಗೆ ಓದಿ ಕಳಿಸುತ್ತಾನೆ. ನೋಡಿದವರಿಗೆ ತೃಪ್ತಿಯಾಯಿತು. ಮುಂದಿನ ಚಿತ್ರ ಬರಲಿಲ್ಲ. ಬರಲು ಕಥೆಯನ್ನೇ ಉಳಿಸಿರಲಿಲ್ಲ.

ಬಿಳಿ ಪುಸ್ತಕಕ್ಕೆ ಮರಳುತ್ತೇನೆ. ಅದರಲ್ಲಿ ಮೂರು ಶಬ್ದ ಬರೆದರೆ ನಾಟರ್ನ್‌ಕೊಪ್ಫ್ ಸಾಯುತ್ತಾನೆ. ಹೆರ್ಟ್ಸ್, ಬ್ಲೂಟ್, ಟೋಡ್. ಹೃದಯ, ರಕ್ತ, ಸಾವು. ಮೂರು ಸಂಪುಟಗಳ ಹೆಸರುಗಳ ಕೊನೆಯ ಶಬ್ದಗಳು! ಇದನ್ನು ನನಗೆ ತೋರಿಸಿಕೊಟ್ಟದ್ದು ಮೊಮ್ಮಗಳು, ಪುಸ್ತಕಗಳ ಬೆನ್ನುಗಳನ್ನು ಸಾಲಾಗಿ ನಿಲ್ಲಿಸಿ. ಇನ್ನೂ ಬೇಕು, ಇನ್ನೂ ಬೇಕು ಎಂದು ಕಥೆ ಮುಗಿಯದಿರಲೆಂದು ಬಯಸುವ ನಾವು 2003ರಿಂದ 2007ರವರೆಗೆ ಒಂದೊಂದಾಗಿ ಕಪಾಟಿನಲ್ಲಿ ಜೋಡಿಸಿಟ್ಟದ್ದು ಆ ಬಯಕೆಯನ್ನು ಕೊಲ್ಲುವ ಶಬ್ದಗಳನ್ನೇ. ಸರಣಿ ತನ್ನ ಅಂತ್ಯವನ್ನು ತನ್ನ ಬೆನ್ನ ಮೇಲೆ ಬರೆದುಕೊಂಡಿತ್ತು.

ಹಾಗಿರುವಾಗ ಹದಿನಾರು ವರ್ಷದ ಮೇಲೆ, 2023ರಲ್ಲಿ, ನಾಲ್ಕನೆಯದು ಬಂತು: ‘ಡೀ ಫಾರ್ಬೆ ಡೆರ್ ರಾಹೆ’, ಸೇಡಿನ ಬಣ್ಣ. ಹೆಸರಿನಲ್ಲಿ ಮಸಿ ಇಲ್ಲ, ಗಾತ್ರವೂ ಮೂರನೆಯದರ ಅರ್ಧದಷ್ಟು. ಕಥೆಯಲ್ಲಿ ಐದು ವರ್ಷ ಕಳೆದಿದೆ, ಓರ್ಫೊಯ್ಸ್ ಷ್ಟೌಬ್‌ಫಿಂಗರನ ಪ್ರೀತಿಪಾತ್ರರ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟಿದ್ದಾನೆ, ಈ ಸಲ ಮಾಟ ಇರುವುದು ಶಬ್ದಗಳಲ್ಲಿ ಅಲ್ಲ, ಚಿತ್ರಗಳಲ್ಲಿ. ಶಬ್ದಗಳು ಮುಗಿದಿದ್ದವಲ್ಲ, ಲೇಖಕಿ ತನ್ನ ಮೊದಲ ಕಸುಬಿಗೆ, ಕುಂಚಕ್ಕೆ, ಹಿಂದಿರುಗಿದಂತೆ ಇದೆ. ಆ ಯೋಚನೆ ನನಗೆ ಹಿಡಿಸಿತು. ಪುಸ್ತಕ ಅಷ್ಟಾಗಿ ಹಿಡಿಸಲಿಲ್ಲ. ಓಡುವ ಅಧ್ಯಾಯಗಳು, ಹಳೆಯ ಮುಖಗಳು ಬಂದು ಕೈಬೀಸಿ ಹೋಗುತ್ತವೆ. ಸಂಘದ ವಾರ್ಷಿಕೋತ್ಸವದಲ್ಲಿ ಹಳೆಯ ಗೆಳೆಯರು ಸಿಕ್ಕಿದಂತೆ: ಸಂತೋಷವೇ, ಆದರೆ ಯಾರ ಹತ್ತಿರವೂ ಕೂತು ಮಾತಾಡಲಾಗುವುದಿಲ್ಲ. ಮಗಳು ಅದನ್ನು ಕೊಂಡ ದಿನವೇ ಓದಿದಳು. ‘ಹದಿನಾರು ವರ್ಷ ನಾನು ಏನೂ ಕಾಯುತ್ತಿರಲಿಲ್ಲ, ಅದಕ್ಕೇ ಬೇಜಾರಾಗಲಿಲ್ಲ’ ಎಂದಳು. ನನ್ನ ವಾದಕ್ಕೆ ಇದು ಪುಷ್ಟಿಯೋ ವಿರೋಧವೋ ಇನ್ನೂ ತೀರ್ಮಾನಿಸಿಲ್ಲ. ಮೊಮ್ಮಗಳು ಅದನ್ನು ಇನ್ನೂ ತೆರೆದಿಲ್ಲ. ಮೂರು ಬೆನ್ನುಗಳ ಸಾಲಿನಲ್ಲಿ ಅದನ್ನು ಇಡಲೂ ಬಿಡುವುದಿಲ್ಲ, ಶಬ್ದ ಕೆಡುತ್ತದಂತೆ.

ಈ ಲೇಖನ ಬರೆಯುತ್ತಿದ್ದಾಗ ಅವಳು ಪಕ್ಕದಲ್ಲಿ ಕೂತು, ಕನ್ನಡದಲ್ಲಿ ಇಂಥ ದೊಡ್ಡ ಕಥೆ ಯಾವುದೆಂದು ಕೇಳಿದಳು. ಕುಮಾರವ್ಯಾಸನ ವಿಷಯ ಹೇಳಿದೆ. ಗದುಗಿನ ವೀರನಾರಾಯಣನ ಗುಡಿ, ಭಾಮಿನಿ ಷಟ್ಪದಿ, ಹತ್ತು ಪರ್ವ, ಗದಾಪರ್ವದಲ್ಲಿ ದುರ್ಯೋಧನ ತೊಡೆ ಮುರಿದು ಬೀಳುವುದು, ಆ ಪರ್ವಕ್ಕೇ ಮುಗಿಯುವುದು.

‘ಆಮೇಲೆ?’

‘ಆಮೇಲಿನದು ಅವನು ಬರೆಯಲಿಲ್ಲ. ಕೃಷ್ಣದೇವರಾಯ ತಿಮ್ಮಣ್ಣ ಕವಿ ಅನ್ನೋರ ಕೈಲಿ ಉಳಿದ ಪರ್ವಗಳನ್ನ ಬರೆಸಿದ.’

‘ಅದು ಚೆನ್ನಾಗಿದೆಯಾ?’

‘ಮೊದಲನೆಯದರಷ್ಟು ಇಲ್ಲ ಅಂತಾರೆ.’

‘ನೀನು ಓದಿದೀಯಾ ಅಜ್ಜ?’

ಹೈಸ್ಕೂಲಿನಿಂದ ಇಂದಿನವರೆಗೆ, ಸುಮಾರು ಐವತ್ತು ವರ್ಷ, ತಿಮ್ಮಣ್ಣ ಕವಿಯ ಬಗ್ಗೆ ನಾನು ಈ ಅಭಿಪ್ರಾಯವನ್ನು ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ. ಒಂದು ಪದ್ಯವನ್ನೂ ಓದಿಲ್ಲ. ಜನವರಿಯಲ್ಲಿ ಊರಿಗೆ ಹೋಗುವವನಿದ್ದೇನೆ. ಬೆಂಗಳೂರಿನಲ್ಲಿ ಪ್ರತಿ ಸಿಕ್ಕಿದರೆ ತರುತ್ತೇನೆಂದು ಅವಳಿಗೆ ಹೇಳಿದ್ದೇನೆ. ‘ಅಲ್ಲೀವರೆಗೆ ಚೆನ್ನಾಗಿಲ್ಲ ಅಂತ ಬರೀಬೇಡ’ ಎಂದಳು.